ಮಗ ತಂದ ಗಿಡ

ನಮ್ಮತ್ತೆ ಮುನಿಯಮ್ಮ ಯಾವ ಹೂವನ್ನೂ ಮುಟ್ಟಿ ನೋಡದೆ ನಂಬುತ್ತಿರಲಿಲ್ಲ. ಆ ಶುಕ್ರವಾರ ಸಂಜೆ ನಮ್ಮವರು ಬೈಕಿನ ಟ್ಯಾಂಕಿನ ಮೇಲೆ ಆರ್ಕಿಡ್ ಕುಂಡವೊಂದನ್ನು ಇಟ್ಟುಕೊಂಡು ಪಟ್ಟಂದೂರು ಅಗ್ರಹಾರದ ಮನೆಗೆ ಬಂದಾಗಲೂ ಅಷ್ಟೇ, ಬಿಳಿಯ ದಳವನ್ನು ಹೆಬ್ಬೆರಳಲ್ಲಿ ಉಜ್ಜಿದರು.

"ಇದೇನ್ಲಾ, ಪ್ಲಾಸ್ಟಿಕ್ಕಾ?"

"ದಿಟದ್ದು ಕಣವ್ವ. ಆಫೀಸಲ್ಲಿ ಫಂಕ್ಷನ್ ಮುಗೀತು, ಬಿಸಾಕ್ತಿದ್ರು. ನಿಂಗೆ ಅಂತ ತಂದೆ."

"ಬಿಸಾಕಿದ್ದೆಲ್ಲ ನಂಗೇಯಾ?" ಎಂದು ಬೈಯುತ್ತಲೇ ಹಜಾರದ ಕಿಟಕಿಯಲ್ಲಿಟ್ಟರು.

ನಮ್ಮವರು ಹತ್ತಿರದ ಐಟಿ ಪಾರ್ಕಿನಲ್ಲಿ ಎಲೆಕ್ಟ್ರಿಷಿಯನ್. ಮರುದಿನ ಕೆಲಸಕ್ಕೆ ಹೋಗುವಾಗ ಲಾರಿ ಬಡಿದು ತೀರಿಕೊಂಡರು.

ಹೂವುಗಳಿಗೆ ಏನೂ ಆಗಲಿಲ್ಲ. ತಿಥಿಗೆ ಬಂದವರು ಅಳುತ್ತಲೇ ಅವುಗಳತ್ತ ತಿರುಗಿ ನೋಡುತ್ತಿದ್ದರು. ಎರಡು ತಿಂಗಳು ಅವು ಬಾಡದೆ, ಯಾರಾದರೂ ಬಾಗಿಲು ತೆರೆಯಲಿ ಎಂದು ಕಾಯುವ ಮುಖಗಳಂತೆ ಅಲ್ಲೇ ಇದ್ದವು. ನಾನು ಕಿಟಕಿಗೆ ಬೆನ್ನು ಹಾಕಿ ಕೂರುತ್ತಿದ್ದೆ.

ಹೂವುದುರಿದ ಮೇಲೆ ಗಿಡವನ್ನು ಅತ್ತೆ ವಹಿಸಿಕೊಂಡರು. ಹೊಲ ಮಾಡಿದ ಕೈ ಅದು. ಕುಂಡದಲ್ಲಿದ್ದ ಬರೀ ತೊಗಟೆಯ ಚೂರುಗಳಲ್ಲಿ ಗಿಡ ಬದುಕುತ್ತದೆಂದು ಒಪ್ಪದೆ ಕೆಂಪು ಮಣ್ಣು, ಕೊಟ್ಟಿಗೆ ಗೊಬ್ಬರ ಹಾಕಿ ನೆಟ್ಟರು. ಹೊರಗಿನಿಂದ ಬಂದವರಿಗೆ ಮೊದಲು ನೀರು ಕೊಡುವುದು ನಮ್ಮ ಮನೆಯ ರೂಢಿ. ಮಗ ಕೆಲಸದಿಂದ ಬರುತ್ತಿದ್ದ ಹೊತ್ತಿಗೆ ಸರಿಯಾಗಿ ಅತ್ತೆ ದಿನವೂ ಒಂದು ಚೊಂಬು ನೀರನ್ನು ಆ ಗಿಡಕ್ಕೆ ಹೊಯ್ಯುತ್ತಿದ್ದರು. ಬೇಡವೆನ್ನುವ ಧೈರ್ಯ ನನಗಿರಲಿಲ್ಲ. ಮಗನ ಹೆಸರೆತ್ತುವುದನ್ನೇ ಅವರು ಬಿಟ್ಟಿದ್ದರು.

ಎಲೆಗಳು ಹಳದಿಯಾಗಿ ಜೋತುಬಿದ್ದವು. ಗಿಡ ಹೊತ್ತುಕೊಂಡು ಇಬ್ಬರೂ ಬ್ರೂಕ್‌ಫೀಲ್ಡಿನ ನರ್ಸರಿಗೆ ಹೋದೆವು. ಅಲ್ಲಿನವನು ಬುಡ ಕಿತ್ತು ಮೂಸಿದ.

"ಅಮ್ಮಾ, ಇದು ಮರದ ಮೇಲೆ ಬೆಳೆಯೋ ಗಿಡ. ನೀರು ಕುಡ್ಸಿ ಕುಡ್ಸಿ ನೀವೇ ಸಾಯಿಸ್ತಿದೀರಲ್ಲ?"

ಅತ್ತೆ ಮನೆಗೆ ಬಂದವರೇ ಕೊಳೆತ ಬೇರುಗಳನ್ನು ಕತ್ತರಿಸಿ ತೆಗೆದರು. ನರ್ಸರಿಯವನು ಹೇಳಿಕೊಟ್ಟಂತೆ ಉಳಿದ ನಾಲ್ಕಾರು ಬೇರುಗಳನ್ನು ಇದ್ದಿಲು, ತೊಗಟೆ ತುಂಬಿದ ತೂತಿನ ಕುಂಡದಲ್ಲಿ ಕೂರಿಸಿದರು. ಇನ್ನು ವಾರಕ್ಕೊಮ್ಮೆ ಮಾತ್ರ ನೀರು. ಉಳಿದ ಸಂಜೆಗಳಲ್ಲಿ ತುಂಬಿದ ಚೊಂಬನ್ನು ಮಡಿಲಲ್ಲಿಟ್ಟುಕೊಂಡು ಗಿಡದ ಮುಂದೆ ಸುಮ್ಮನೆ ಕೂರುತ್ತಿದ್ದರು. ದೀಪ ಹಚ್ಚುವ ಹೊತ್ತಿಗೆ ಆ ನೀರನ್ನು ತಾವೇ ಕುಡಿದು ಏಳುತ್ತಿದ್ದರು.

ಎರಡನೆಯ ಚಳಿಗಾಲದಲ್ಲಿ ಎಲೆಯ ಸಂದಿನಿಂದ ಹಸಿರು ಕಡ್ಡಿಯೊಂದು ಹೊರಟಿತು. ಹೂವಿನ ಕಡ್ಡಿ ಎಂದೆ. "ಬೇರಿರ್ಬೇಕು, ಸುಮ್ಕಿರು," ಎಂದು ನನ್ನನ್ನು ಗದರಿದರು. ಆದರೆ ಅಂದಿನಿಂದ ಕುಂಡವನ್ನು ಕದಲಿಸಲು ಯಾರನ್ನೂ ಬಿಡಲಿಲ್ಲ, ಕಸ ಗುಡಿಸಲೂ ಅಲ್ಲಿಗೆ ಸೇರಿಸಲಿಲ್ಲ.

ಹೂವರಳಿದ ದಿನ ಪಕ್ಕದ ಮನೆಯ ಜಯಮ್ಮ ಓಡಿ ಬಂದರು. "ಮೊದಲ್ನೇ ಹೂವು, ಕಿತ್ತು ದೇವ್ರಿಗೆ ಇಡಕ್ಕಾ."

ದೇವರಿಗೆ ಹೂವಿಡದೆ ಕಾಫಿ ಕುಡಿದವರಲ್ಲ ಅತ್ತೆ.

"ಅವ್ನಿಗ್ಯಾಕೆ? ತಗೊಂಡಿದ್ದು ಸಾಲ್ದಾ ಅವ್ನಿಗೆ?"

ಜಯಮ್ಮ ಕೆನ್ನೆ ಬಡಿದುಕೊಂಡು ಹೋದರು. ಆ ಸಂಜೆ ಅತ್ತೆ ಮೊದಲ ಬಾರಿಗೆ ಮಗನ ಹೆಸರೆತ್ತಿದರು.

"ನಮ್ ಸಿವು ಅವ್ವ ಅನ್ನೋಕ್ ಮುಂಚೆ ಎಮ್ಮೆ ಎಸ್ರು ಕೂಗಿದ್ದ ಕಣೆ. ಅಂಥಾ ಮುಂಡೇದು."

ಇಬ್ಬರೂ ನಕ್ಕೆವು, ಆಮೇಲೆ ಅತ್ತೆವು. ಹೂವಿರುವಷ್ಟು ದಿನ ಸಂಜೆಗೊಂದು ಕತೆ ಹೇಳಿದರು. ಹೂವುದುರಿದ ಮೇಲೆ ಮತ್ತೆ ಬಾಯಿ ಕಟ್ಟಿತು. ಕೇಳಿದರೆ, "ಬರೋ ವರ್ಸ ಹೂವಾಗ್ಲಿ, ಯೋಳ್ತೀನಿ," ಎನ್ನುತ್ತಿದ್ದರು.

ಆ ಮಳೆಗಾಲದಲ್ಲಿ ಅತ್ತೆ ತೀರಿಕೊಂಡರು. ಗಿಡ ಚೆನ್ನಾಗಿದೆ, ಚಳಿ ಬಿದ್ದರೆ ಹೂ ಬಿಡುತ್ತದೆ. ಮದುವೆಗೆ ಮುಂಚಿನ ನಮ್ಮವರನ್ನು ಕಂಡವರು ಈ ಮನೆಯಲ್ಲಿ ಈಗ ಯಾರೂ ಇಲ್ಲ.