ಬಂಡೆಗೆ ಕಿವಿಗೊಟ್ಟವರು

ಅವರ ಬಲಗಿವಿಯ ಅಂಚಿಗೆ ಸದಾ ಕಪ್ಪು ಕಲ್ಲಿನ ಪುಡಿ ಅಂಟಿರುತ್ತಿತ್ತು. ಸಣ್ಣ ಸುತ್ತಿಗೆಯಿಂದ ಬಂಡೆಯನ್ನು ತಟ್ಟಿ, ಕೆನ್ನೆಯನ್ನು ಅದಕ್ಕೊತ್ತಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಕೊಲ್ಹಾಪುರದ ಕಾಲೇಜೊಂದರಲ್ಲಿ ಅವರು ಪ್ರಾಧ್ಯಾಪಕರು; ಬಂಡೆ ಹೇಗೆ ಬಿರಿಯುತ್ತದೆ, ಯಾವಾಗ ಕುಸಿಯುತ್ತದೆ ಎಂಬುದನ್ನು ಗಣಕಯಂತ್ರದಲ್ಲಿ ಲೆಕ್ಕಹಾಕಿ ತೋರಿಸುವುದು ಅವರ ವಿದ್ಯೆ. ಗಡಹಿಂಗ್ಲಜದ ಬಳಿಯ ನಮ್ಮ ಗುಡ್ಡದ ಬಸದಿಯಲ್ಲಿ, ಬಂಡೆಯಲ್ಲೇ ಕಡೆದ ಜಿನಬಿಂಬದ ಪಕ್ಕದಲ್ಲಿ ಬಿರುಕು ಕಂಡಾಗ ಕಮಿಟಿಯವರೇ ಅವರನ್ನು ಕರೆಸಿದ್ದರು. ನಾನು ಅಲ್ಲಿಯ ಅರ್ಚಕ. ಬಂಡೆಯ ಕೆಳಗಿನ ಕೋಣೆಯೇ ನನ್ನ ವಾಸ.

ಅವರ ಗಣಕಯಂತ್ರದ ಪರದೆಯ ಮೇಲೆ ನಮ್ಮ ಬಂಡೆ ಸಾವಿರಾರು ತ್ರಿಕೋನಗಳಾಗಿ ಮೂಡಿತು. ಅದರೊಳಗೆ ಕೆಂಪು ಗೆರೆಯೊಂದು ಹರಿಯತೊಡಗಿತು.

"ನಿಮ್ಮ ಡಬ್ಬಿಗೂ ಒಂದು ಅಭಿಷೇಕ ಮಾಡೂಣೇನ್ರಿ?" ಎಂದೆ.

"ಬ್ಯಾಡ್ರಿ ಅಜ್ಜಾರ, ನೀರು ಬಿದ್ರ ಕಲ್ಲಿಗಿಂತ ಮೊದಲ ಅದ ಸಾಯತೈತಿ!"

ಇಚಲಕರಂಜಿಯ ಮಗ್ಗದ ಕಾರ್ಮಿಕರೊಬ್ಬರ ಮಗ ಅವರು. ತಂದೆಯ ಕಸುಬಿನ ಮಾತಿನಲ್ಲೇ ನನಗೆ ತಿಳಿಹೇಳಿದರು: "ಒಂದ್ ಎಳಿ ಹರೀತಂದ್ರ ಅದರ ಭಾರ ಬಾಜೂದ ಎಳಿ ಮ್ಯಾಲ ಬೀಳತೈತ್ರಿ. ಕಲ್ಲೂ ಹಂಗ. ಈ ಬಿರುಕಿನಾಗಿಂದ ನೀರು ಹೊರಗ ಹರಿಯಾಕತ್ತೈತಿ, ಅದಕ್ಕ ಇನ್ನೂ ನಿಂತೈತಿ. ಇದನ್ನ ಮುಚ್ಚಬ್ಯಾಡ್ರಿ."

ಭಗ್ನಬಿಂಬಕ್ಕೆ ಪೂಜೆ ಸಲ್ಲದೆಂಬುದು ನಮ್ಮ ಸಂಪ್ರದಾಯ. ಚಾತುರ್ಮಾಸಕ್ಕೆ ಮುನಿಮಹಾರಾಜರು ಬಿಜಯಂಗೈಯುವವರಿದ್ದರು. ಬಿಂಬದತ್ತ ಸಾಗಿದ ಬಿರುಕು ಅವರ ಕಣ್ಣಿಗೆ ಬೀಳಬಾರದೆಂದು, ನಾನು ಬೇಡವೆಂದರೂ ಕೇಳದೆ, ಕಮಿಟಿಯವರು ಭಕ್ತಿಯಿಂದಲೇ ಅದಕ್ಕೆ ಸಿಮೆಂಟು ತುಂಬಿಸಿ ಕಪ್ಪು ಬಣ್ಣ ಬಳಿಸಿದರು. ಫೋನಿನಲ್ಲಿ ನಾನು ತಿಳಿಸಿದೊಡನೆ ಪ್ರಾಧ್ಯಾಪಕರು ಮಳೆಯಲ್ಲೇ ಧಾವಿಸಿ ಬಂದು, ಸಿಮೆಂಟು ಒಡೆಯಲು ಅಪ್ಪಣೆ ಬೇಡಿದರು.

"ದೇವರ ಬಾಜೂಕ ಉಳಿ ಹಚ್ಚತೀರೇನ್ರಿ?" ಕಮಿಟಿಯ ಅಧ್ಯಕ್ಷರು ಗದರಿದರು.

"ಒಳಗ ನೀರು ತುಂಬಾಕತ್ತೈತ್ರಿ, ಸಾಹೇಬರ. ಹೊರಗ ಬರಾಕ ಹಾದಿ ಇಲ್ಲ."

"ನಿಮ್ಮ ಕಂಪ್ಯೂಟರಿಗೆ ದೇವರು ಕಾಣತಾನೇನು?"

ಪ್ರಾಧ್ಯಾಪಕರು ನನ್ನತ್ತ ತಿರುಗಿದರು. "ನಡೀರಿ ಅಜ್ಜಾರ, ನಿಮ್ಮನ್ನರ ಕರ್ಕೊಂಡ್ ಹೋಗತೇನಿ" ಎಂದು ನನ್ನ ಹಾಸಿಗೆಯನ್ನು ತಾವೇ ಸುತ್ತಿ ಹೆಗಲಿಗೇರಿಸಿದರು. ಆ ವಾರವೇ ಬಂಡೆ ಬಿತ್ತು. ನನ್ನ ಕೋಣೆ ಉಳಿಯಲಿಲ್ಲ. ಜಿನಬಿಂಬದ ಪ್ರಶಾಂತ ಮುಖವೂ ಉಳಿಯಲಿಲ್ಲ.

ತಟ್ಟಿ ತಟ್ಟಿ ಅವರೇ ಬಂಡೆಯನ್ನು ಸಡಿಲಿಸಿದರೆಂದು ಊರು ನಂಬಿತು. ಎಷ್ಟೋ ಸಲ ನಿಜ ಹೇಳಿದೆ, ಅರಳುಮರಳೆಂದು ನಕ್ಕರು. ಪ್ರಾಧ್ಯಾಪಕರಾದರೋ ಆ ಬಂಡೆಯನ್ನು ಪರದೆಯ ಮೇಲೆ ಮತ್ತೆ ಮತ್ತೆ ಬೀಳಿಸಿ ನೋಡುತ್ತಿದ್ದರು. ಕಡೆಯ ಭೇಟಿಯಲ್ಲಿ, "ಬಿರುಕು ಮುಚ್ಚತಾರ ಅನ್ನೂದನ್ನೂ ನಾ ಲೆಕ್ಕಕ್ಕ ಹಿಡೀಬೇಕಾಗಿತ್ರಿ" ಎಂದರು. ನಾನೇನು ಹೇಳಿದರೂ ತಲೆ ಎತ್ತಲಿಲ್ಲ. ಮರುವರ್ಷ ಹೃದಯಾಘಾತದಿಂದ ತೀರಿಕೊಂಡರು.

ನನಗೆ ಉಳಿದಿರುವ ದಿನಗಳೆಲ್ಲ ಅವರು ಕೊಟ್ಟವು. ಊರಿನಲ್ಲಿ ಅವರ ಹೆಸರನ್ನು ಶಪಿಸುವುದಕ್ಕಷ್ಟೇ ಎತ್ತುತ್ತಾರೆ. ಪ್ರಾತಃಕಾಲ ಅವರನ್ನು ನೆನೆದು ಪಂಚನಮಸ್ಕಾರ ಮಂತ್ರ ಜಪಿಸುತ್ತೇನೆ. ಆ ಮಂತ್ರದಲ್ಲಿ ಯಾವ ವ್ಯಕ್ತಿಯ ಹೆಸರಿಗೂ ಎಡೆಯಿಲ್ಲ. ಮುಗಿದ ಮೇಲೆ ಒಮ್ಮೆ ಗಟ್ಟಿಯಾಗಿ ಅವರ ಹೆಸರು ಹೇಳುತ್ತೇನೆ. ಕೇಳುವವರು ಯಾರೂ ಇರುವುದಿಲ್ಲ.