ಕೆಂಪು ಬೂಟಿನೊಳಗೆ ಮಡಚಿದ ಬೆರಳು

ನನ್ನ ನಾದಿನಿ ಆಟದ ಸಾಮಾನಿನ ಅಂಗಡಿಯಲ್ಲಿ ಮಕ್ಕಳಿಗೆ ಫುಟ್‌ಬಾಲ್ ಬೂಟು ತೊಡಿಸುತ್ತಲೇ ತಲೆ ನರೆಸಿಕೊಂಡವಳು. ದಿನವಿಡೀ ನೆಲಕ್ಕೆ ಕೂತು ಏಳುವುದೇ ಕೆಲಸ. ಮಂಡಿ ಎಂದೋ ಸವೆದಿದೆ. ಆದರೂ ಮೊದಲು ಮೊಣಕಾಲ ಕೆಳಗೆ ಏಟು ತಡೆಯುವ ಶಿನ್ ಗಾರ್ಡ್ ಕಟ್ಟಿಸಿ, ಅದರ ಮೇಲೆ ದಪ್ಪ ಕಾಲುಚೀಲ ಹಾಕಿಸಿ, ಆಮೇಲೇ ಬೂಟು ತೊಡಿಸುತ್ತಾಳೆ. ಬರಿಗಾಲಿಗೆ ಹಿಡಿಸಿದ ಬೂಟು ಮೈದಾನದಲ್ಲಿ ಕಚ್ಚುತ್ತದೆ ಎನ್ನುತ್ತಾಳೆ.

ಮೊನ್ನೆ ಸಂಜೆ ಅವಳನ್ನು ಮನೆಗೆ ಕರೆದೊಯ್ಯಲು ಹೋಗಿದ್ದೆ. ಅಂಗಡಿ ಮುಚ್ಚುವ ಹೊತ್ತಿಗೆ ತಾಯಿಯೊಬ್ಬಳು ಮಗಳನ್ನು ಕರೆತಂದಳು. ಹುಡುಗಿಯ ಕಣ್ಣೆಲ್ಲ ಉಳಿದಿದ್ದ ಒಂದೇ ಜೊತೆ ಕೆಂಪು ಬೂಟಿನ ಮೇಲೆ. ತೊಟ್ಟವಳೇ, "ಸರಿಯಾಗಿದೆ ಅಜ್ಜಿ, ಒಂಚೂರೂ ಬಿಗಿ ಇಲ್ಲ" ಎಂದು ಕುಣಿದಳು.

ನಾದಿನಿ ಬೂಟಿನ ತುದಿಯನ್ನು ಹೆಬ್ಬೆರಳಿನಿಂದ ಒತ್ತಿದಳು. ಅಲ್ಲಿ ಜಾಗವಿತ್ತು, ಆದರೆ ಅದರ ಹಿಂದೆಯೇ ಮೇಲ್ಭಾಗ ಗೂನಿನಂತೆ ಉಬ್ಬಿತ್ತು.

"ಬೆರಳು ಮಡಚ್ಕೊಂಡಿದ್ದೀಯಲ್ಲೇ ಕಳ್ಳಿ! ನೆಟ್ಟಗೆ ಬಿಡು ನೋಡೋಣ."

ಹುಡುಗಿ ಬೆರಳು ಚಾಚಿದಳು, ನೋವಿಗೆ ಮುಖ ಕಿವುಚಿದಳು.

"ಆಸೆಪಡ್ತಿದ್ದಾಳೆ, ಕೊಟ್ಬಿಡಿ. ಆಡ್ತಾ ಆಡ್ತಾ ಸಡಿಲ ಆಗುತ್ತೆ" ಎಂದಳು ತಾಯಿ.

"ಬೂಟು ಸಡಿಲ ಆಗೋಷ್ಟರಲ್ಲಿ ಉಗುರು ಉದುರಿರುತ್ತಮ್ಮ."

ಕೊನೆಗೆ ಅಳತೆಗೆ ಸರಿಯಾದ ಕಪ್ಪು ಬೂಟು ಹಿಡಿದು ಹುಡುಗಿ ಮೂತಿ ಊದಿಸಿಕೊಂಡು ಹೊರಟಳು. ತಿರುಗಿಯೂ ನೋಡಲಿಲ್ಲ.

"ಪಾಪ, ಅವಳ ಪಾಲಿಗೆ ನೀನೇ ರಾಕ್ಷಸಿ ಈಗ" ಎಂದೆ.

"ಬೈಕೊಳ್ಳಲಿ ಬಿಡಿ ಅತ್ತಿಗೆ, ಓಡಿದ್ರೆ ಸಾಕು" ಎಂದು ಕೆಂಪು ಬೂಟನ್ನು ಪೆಟ್ಟಿಗೆಗೆ ಹಾಕಿದಳು. ಆದರೆ ಕೂತಲ್ಲಿಂದ ಏಳಲಿಲ್ಲ. "ಸ್ವಲ್ಪ ಕೈ ಹಿಡ್ಕೊಳ್ಳಿ, ಏಳೋಕಾಗ್ತಿಲ್ಲ."