ಹಲ್ಲಿಗೂಡಿನ ದೀಪಕ್ಕೊಂದು ತಾರೀಕು

ಬೆಳಗಿನ ಐದೂವರೆ. ಸಾಕುಪ್ರಾಣಿಗಳ ಅಂಗಡಿಯ ಹಿಂದಿನ ಕೋಣೆಯಲ್ಲಿ ದೀಪದಕ್ಕ ಆಕಳಿಸುತ್ತಲೇ ಒಂದೊಂದು ಸ್ವಿಚ್ ಒತ್ತುತ್ತಾರೆ. ನಲವತ್ತೆರಡು ಗಾಜಿನ ಗೂಡು, ನಲವತ್ತೆರಡು ಹಲ್ಲಿ. ಗೋಡೆಯ ಹಲ್ಲಿಯನ್ನು ಪೊರಕೆ ಹಿಡಿದು ಅಟ್ಟುವ ಜನ, ದುಡ್ಡು ಕೊಟ್ಟು ತಂದ ಗೆಕ್ಕೊ ಹಲ್ಲಿಗೆ ಮಾತ್ರ ತಲೆಯ ಮೇಲೊಬ್ಬ ಸೂರ್ಯನನ್ನೇ ಇಡಿಸುತ್ತಾರೆ. ಆ ಸೂರ್ಯನನ್ನು ಆಯ್ದು, ಅಳೆದು, ನೇತುಹಾಕುವವರು ಈಕೆ.

ಇವತ್ತು ಅವರ ಕಣ್ಣೆಲ್ಲ ಮೂಲೆಯ ಗೂಡಿನ ಮೇಲೆ. ನಿವೃತ್ತ ಮೇಷ್ಟ್ರೊಬ್ಬರ ಹಲ್ಲಿ ಅದರಲ್ಲಿ ನೆಲಕ್ಕೆ ಹೊಟ್ಟೆಯೂರಿ ಮಲಗಿ ಆರು ವಾರವಾಯಿತು. ದವಡೆ ಮೆತ್ತಗಾಗಿದೆ, ಮುಂಗಾಲು ಡೊಂಕಾಗಿದೆ. ಕಾಲು ನೆಟ್ಟಗಾಗುವ ಮಾತಿಲ್ಲ, ಆದರೆ ಹೊಟ್ಟೆ ಎತ್ತಿ ನಾಲ್ಕು ಹೆಜ್ಜೆ ನಡೆದರೆ ಬದುಕಿತು ಅಂದುಕೊಳ್ಳಿ ಎಂದು ಪಶುವೈದ್ಯರು ಹೇಳಿ ಹೋಗಿದ್ದಾರೆ.

ದೀಪದಕ್ಕ ಮೊದಲು ಟ್ಯೂಬ್‌ಲೈಟ್ ಕಾರ್ಖಾನೆಯಲ್ಲಿದ್ದರು. ಅದು ಬಾಗಿಲು ಹಾಕಿದಾಗ ಹೊಟ್ಟೆಪಾಡಿಗೆ ಇಲ್ಲಿ ಬಂದು ಸೇರಿ ಹತ್ತೊಂಬತ್ತು ವರ್ಷವಾಯಿತು. ದಿನಕ್ಕೆ ನಲವತ್ತೆರಡು ಗೂಡಿಗೂ ದೀಪದ ಕಸುವು ಅಳೆಯುವ ಮೀಟರ್ ಹಿಡಿಯಬೇಕು, ವಾರಕ್ಕೆ ಒಂಬತ್ತು ಹತ್ತು ಮನೆಗೆ ಹೋಗಿ ದೀಪ ಕಟ್ಟಬೇಕು. ಕತ್ತೆತ್ತಿ ಕತ್ತೆತ್ತಿ ಕುತ್ತಿಗೆ ಹಿಡಿದುಕೊಂಡಿದೆ, ಕಣ್ಣು ಸದಾ ಉರಿಯುತ್ತದೆ.

ಬಿಸಿಲಿನಲ್ಲಿ ಯುವಿಬಿ ಎಂಬ, ಕಣ್ಣಿಗೆ ಕಾಣದ ಕಿರಣವಿದೆ. ಅದು ಮೈಗೆ ತಾಗದಿದ್ದರೆ ಹಲ್ಲಿ ತಿಂದ ಸುಣ್ಣದಂಶ ಮೂಳೆಗೆ ಹತ್ತುವುದಿಲ್ಲ. ಜನ ಚಿಕ್ಕ ಬಲ್ಬು ಕೊಡಿ ಎನ್ನುತ್ತಾರೆ. ಈಕೆ ಆ ಕಿರಣ ಸೂಸುವ, ಗೂಡಿನ ಅರ್ಧ ಉದ್ದಕ್ಕೆ ಬರುವ ಟ್ಯೂಬನ್ನೇ ಕೊಡುತ್ತಾರೆ. ಉಳಿದರ್ಧ ನೆರಳು. ಹಲ್ಲಿ ಕೂರುವ ಕೊಂಬೆಗೂ ಟ್ಯೂಬಿಗೂ ಎಷ್ಟು ಗೇಣಿರಬೇಕೆಂಬುದು ಹಲ್ಲಿಯ ಜಾತಿಯ ಮೇಲೆ. ನಡುವೆ ಗಾಜು ಮಾತ್ರ ಕೂಡದು. "ಗಾಜಲ್ಲಿ ಬೆಳಕು ದಾಟುತ್ತೆ, ಕಿರಣ ದಾಟಲ್ಲ. ಇದನ್ನ ಹೇಳಿ ಹೇಳಿ ನನ್ನ ಬಾಯಿ ಬಿದ್ದೋಗಿದೆ," ಎನ್ನುತ್ತಾರೆ.

ಇನ್ನೊಂದು ಫಜೀತಿಯಿದೆ. ಟ್ಯೂಬು ಎರಡು ಮೂರು ವರ್ಷ ಬೆಳಗುತ್ತದೆ, ಕಿರಣ ಮಾತ್ರ ವರ್ಷದೊಳಗೆ ಸೋತುಹೋಗುತ್ತದೆ. ಹಾಗಾಗಿ ಹಾಕಿದ ದಿನವೇ ಟ್ಯೂಬಿನ ತುದಿಗೆ ಕಪ್ಪು ಮಾರ್ಕರಿನಲ್ಲಿ ತಾರೀಕು ಬರೆಯುವುದು ಇವರ ಪದ್ಧತಿ. ಉರಿಯುವ ಟ್ಯೂಬನ್ನು ಬಿಸಾಡಿಸುತ್ತಾಳೆ ಎಂದು ಅಂಗಡಿ ಯಜಮಾನರು ಮೂಗು ಮುರಿಯುತ್ತಾರೆ. ಈಕೆ ತಲೆಕೆಡಿಸಿಕೊಳ್ಳುವುದಿಲ್ಲ.

ಮೇಷ್ಟ್ರ ಮನೆಯ ಟ್ಯೂಬಿನ ಮೇಲೆ ಮಾತ್ರ ತಾರೀಕಿರಲಿಲ್ಲ. ಅದನ್ನು ಕಟ್ಟಿದ ದಿನ ಅದು ಐದನೇ ಮನೆ. ಮಾರ್ಕರು ಚೀಲದಿಂದ ಹೊರಗೇ ಬರಲಿಲ್ಲ. ಒಂದೂವರೆ ವರ್ಷದ ಮೇಲೆ ಮೇಷ್ಟ್ರು ಫೋನು ಮಾಡಿ, ಹಲ್ಲಿ ಯಾಕೋ ಮಂಕಾಗಿದೆ ಎಂದರು. ದೀಪ ಉರಿಯುತ್ತಿದೆಯಾ ಎಂದು ಇವರು ಕೇಳಿದರು. ಚೆನ್ನಾಗಿ ಉರಿಯುತ್ತಿದೆ ಎಂದರು ಅವರು. ಹಾಗಾದರೆ ಚಿಂತೆಯಿಲ್ಲ ಎಂದು ಇವರು ಫೋನಿಟ್ಟು ಮಲಗಿಬಿಟ್ಟರು.

"ಊರಿಗೆಲ್ಲ ಉರಿಯೋದನ್ನ ನಂಬಬೇಡಿ ಅಂತ ಹೇಳೋಳು ನಾನು. ಅವತ್ತು ಅದನ್ನೇ ಕೇಳಿದೆ, ಅದನ್ನೇ ನಂಬಿದೆ. ಸುಸ್ತಾಗಿತ್ತು. ಅದು ಹಲ್ಲಿಗೆ ಗೊತ್ತಾಗುತ್ತಾ?" ಮೇಷ್ಟ್ರು ಒಂದು ಮಾತೂ ಬೈಯಲಿಲ್ಲ, ಅದೇ ಇವರಿಗೆ ಹೆಚ್ಚು ನೋವು. ಏಳಲಾರದ ಹಲ್ಲಿಯನ್ನು ಅಂಗಡಿಗೆ ತಂದ ದಿನದಿಂದ ಔಷಧಿಯ ಹನಿ ಕುಡಿಸುವುದನ್ನು ಬೇರೆಯವರಿಗೆ ಬಿಟ್ಟಿಲ್ಲ. ಭಾನುವಾರವೂ ಬರುತ್ತಾರೆ. ಮನೆಯಲ್ಲಿ ಗಂಡ, ಅಲ್ಲೇ ಒಂದು ಗೂಡು ಮಾಡಿಕೋ ಎಂದು ರೇಗಿಸುತ್ತಾರೆ.

ಕೊನೆಯ ಸ್ವಿಚ್ಚು ಮೂಲೆಯ ಗೂಡಿನದು. ದೀಪ ಹತ್ತಿಕೊಳ್ಳುತ್ತದೆ. ದೀಪದಕ್ಕ ಸ್ಟೂಲಿನ ಮೇಲೆ ಕುಳಿತು ಕಾಯುತ್ತಾರೆ. ಹತ್ತು ನಿಮಿಷ ಏನೂ ಇಲ್ಲ. ಆಮೇಲೆ ಹಲ್ಲಿ ಡೊಂಕು ಕಾಲನ್ನು ಊರುತ್ತದೆ, ನಡುಗುತ್ತದೆ, ಹೊಟ್ಟೆ ನೆಲ ಬಿಡುತ್ತದೆ. ಒಂದು, ಎರಡು, ಮೂರು, ನಾಲ್ಕು. ಕೊಂಬೆಯ ಬುಡಕ್ಕೆ ಬಂದು ದೀಪದ ಕೆಳಗೆ ನಿಲ್ಲುತ್ತದೆ.

ಇವರು ಸೆರಗಿನಿಂದ ಕಣ್ಣೊರೆಸಿಕೊಂಡು ಮೇಷ್ಟ್ರಿಗೆ ಫೋನು ಮಾಡುತ್ತಾರೆ. ಹಲ್ಲಿ ನಡೆಯಿತು ಎಂದಷ್ಟೇ ಹೇಳಿ ಇಡುತ್ತಾರೆ. ಇನ್ನಾದರೂ ಒಂದು ಭಾನುವಾರ ಮಲಗಬಹುದಲ್ಲ ಎಂದು ನಾನು ಕೇಳಿದರೆ, ಮಲಗಬೇಕು, ಅದೊಂದೇ ಆಸೆ ಎಂದು ನಗುತ್ತಾರೆ. ಎದ್ದು ಆ ಗೂಡಿನ ಟ್ಯೂಬಿನ ಎರಡೂ ತುದಿ ತೋರಿಸುತ್ತಾರೆ. ಎರಡರಲ್ಲೂ ದಪ್ಪಕ್ಷರದ ತಾರೀಕು.

"ಮೇಷ್ಟ್ರ ಮನೆ ಗೋಡೆ ಮೇಲೂ ಟ್ಯೂಬು ಬದಲಿಸೋ ತಾರೀಕು ಬರೆದು ಬಂದಿದ್ದೀನಿ. ಇನ್ನು ನಾನು ಮಲಗಿದ್ರೂ ಪರವಾಗಿಲ್ಲ."